ಕಾಣದ ಬಿರುಕಿನ ಲೆಕ್ಕ

ಹೈಡ್ರಾಲಿಕ್ ಫ್ರಾಕ್ಚರಿಂಗ್ ಅಂದರೆ ಮರಳು ಬೆರೆಸಿದ ನೀರನ್ನು ಜೋರು ಒತ್ತಡದಲ್ಲಿ ಬಾವಿಗೆ ತಳ್ಳಿ, ಆಳದ ಕಲ್ಲಿನಲ್ಲಿ ಬಿರುಕು ಮಾಡಿ ಗ್ಯಾಸ್, ತೈಲ ತೆಗೆಯೋ ಕೆಲಸ. ಫ್ರಾಕಿಂಗ್ ಅನ್ನೋದೂ ಇದಕ್ಕೇ. ಇದರ ಬಗ್ಗೆ ಯಾವ ಪ್ರೆಸೆಂಟೇಷನ್ ತೆರೆದರೂ ಒಂದು ಚಿತ್ರ ಇದ್ದೇ ಇರುತ್ತದೆ. ಮೇಲಿಂದ ನೇರವಾಗಿ ಇಳಿದ ಬಾವಿ ತಳದಲ್ಲಿ ಅಡ್ಡಕ್ಕೆ ತಿರುಗಿರುತ್ತದೆ. ಆ ಅಡ್ಡ ಭಾಗದ ಉದ್ದಕ್ಕೂ ಸಾಲಾಗಿ ಬಿರುಕುಗಳು. ಎಲ್ಲದಕ್ಕೂ ಒಂದೇ ಎತ್ತರ, ಒಂದೇ ಉದ್ದ. ಎಡಕ್ಕೆ ಎಷ್ಟು ಹೋಗಿದೆಯೋ ಬಲಕ್ಕೂ ಅಷ್ಟೇ. ನಡುವೆ ಕೆಂಪು, ಆಚೆ ಹಳದಿ, ತುದಿಯಲ್ಲಿ ನೀಲಿ. ಇಂಥ ಚಿತ್ರ ಮಾಡೋದು ನನ್ನ ಕೆಲಸದ ಒಂದು ಭಾಗ. ಒಂದು ಬಟನ್ ಒತ್ತಿದರೆ ಸಾಫ್ಟ್‌ವೇರ್ ಬಣ್ಣ ತುಂಬಿ ಕೊಡುತ್ತದೆ. ನೋಡೋಕೂ ಚೆಂದ. ಆದರೆ ಈಚೆಗೆ ಈ ಚಿತ್ರ ಪರದೆ ಮೇಲೆ ಬಂದಾಗಲೆಲ್ಲ ಒಳಗೆ ಏನೋ ಕಿರಿಕಿರಿ. ಕೋಣೆಯಲ್ಲಿ ಕೂತ ಎಲ್ಲರೂ ಅದು ಫೋಟೋ ಅನ್ನೋ ಹಾಗೆ ಮಾತಾಡ್ತಾರೆ. 'ಈ ಮೂರನೇ ಬಿರುಕು ಸ್ವಲ್ಪ ಚಿಕ್ಕದಾಯ್ತು, ಅಲ್ವಾ?' ಅಂತಾರೆ. ಆ ಮೂರನೇ ಬಿರುಕನ್ನು ಕಂಡವರು ಯಾರು?

ಎರಡು ಮೂರು ಕಿಲೋಮೀಟರ್ ಆಳ. ಬಿರುಕಿನ ಅಗಲ ಕೆಲವೇ ಮಿಲಿಮೀಟರ್. ಮೇಲೆ ನಿಂತವರ ಕೈಗೆ ಸಿಗೋದು ಪಂಪಿನ ಒತ್ತಡ, ಒಳಗೆ ಹೋದ ನೀರು ಮತ್ತು ಮರಳಿನ ಲೆಕ್ಕ, ಆಮೇಲೆ ಹೊರಗೆ ಬಂದ ಗ್ಯಾಸಿನ ಲೆಕ್ಕ. ಇಷ್ಟನ್ನು ಹಿಡ್ಕೊಂಡು ಕೆಳಗೆ ಏನಾಯಿತು ಅಂತ ಊಹಿಸಬೇಕು. 70 ವರ್ಷಕ್ಕೂ ಮೀರಿದ ಸಂಶೋಧನೆ ಈ ಊಹೆಯ ಸುತ್ತಲೇ ತಿರುಗಿದೆ. ಫ್ರಾಕಿಂಗ್ ಬೇಕೋ ಬೇಡವೋ ಅನ್ನೋ ಜಗಳ ಬೇರೆ. ಅದಕ್ಕೆ ಬೇರೆಯೇ ಬರಹ ಬೇಕು. ಇಲ್ಲಿ ನನ್ನ ತಲೆ ತಿನ್ನುತ್ತಿರುವುದು ಒಂದೇ ವಿಷಯ. ಕಾಣದ ವಸ್ತುವಿನ ಬಗ್ಗೆ ನಾವು ಇಷ್ಟು ಧೈರ್ಯವಾಗಿ ಹೇಗೆ ಮಾತಾಡ್ತೇವೆ? ಆ ಧೈರ್ಯದಲ್ಲಿ ಎಷ್ಟು ಪಾಲು ದುಡಿದು ಗಳಿಸಿದ್ದು, ಎಷ್ಟು ಪಾಲು ಸುಮ್ನೆ ಅಭ್ಯಾಸದಿಂದ ಬಂದದ್ದು?

ಬಾಟಲಿಯಲ್ಲಿ ಜೆಲಾಟಿನ್

ಈ ಕೆಲಸದ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಅಮೆರಿಕದ ಕ್ಯಾನ್ಸಸ್‌ನ ಹ್ಯೂಗೋಟನ್ ಗ್ಯಾಸ್ ಫೀಲ್ಡ್‌ನಲ್ಲಿ. ಸ್ಟ್ಯಾನೊಲಿಂಡ್ ಕಂಪನಿಯವರು ಬೆಂಕಿ ಬಾಂಬಿಗೆ ಬಳಸುವ ನೇಪಾಮ್ ಬೆರೆಸಿ ಗಟ್ಟಿ ಮಾಡಿದ ಪೆಟ್ರೋಲನ್ನು ಬಾವಿಯೊಳಗೆ ಪಂಪ್ ಮಾಡಿದರು. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಗ್ಯಾಸ್ ಮಾತ್ರ ಹೇಳಿಕೊಳ್ಳುವಷ್ಟೇನೂ ಜಾಸ್ತಿ ಬರಲಿಲ್ಲ. ಆದರೂ ಎರಡು ವರ್ಷದಲ್ಲಿ, 1949ರ ಮಾರ್ಚ್‌ನಲ್ಲಿ, ಹಾಲಿಬರ್ಟನ್ ಇದನ್ನು ಒಕ್ಲಹೋಮಾ ಮತ್ತು ಟೆಕ್ಸಸ್‌ನಲ್ಲಿ ವ್ಯಾಪಾರವಾಗಿ ಶುರು ಮಾಡಿತು. ಕೆಲಸ ಆಗ್ತಿತ್ತು. ಹೇಗೆ ಆಗ್ತಿದೆ ಅನ್ನೋದು ಮಾತ್ರ ಸರಿಯಾಗಿ ಗೊತ್ತಿರಲಿಲ್ಲ.

ಆಗ ಬಹಳ ಜನ ನಂಬಿದ್ದು ಬಿರುಕು ಮಲಗಿದ ಹಾಗೆ ತೆರೆಯುತ್ತದೆ, ಮೇಲಿನ ನೆಲವನ್ನೆಲ್ಲ ಚೂರು ಎತ್ತಿ ಜಾಗ ಮಾಡಿಕೊಳ್ಳುತ್ತದೆ ಅಂತ. ಇದನ್ನು ಪ್ರಶ್ನೆ ಮಾಡಿದವರು ಕಿಂಗ್ ಹಬರ್ಟ್ ಮತ್ತು ಡೇವಿಡ್ ವಿಲ್ಲಿಸ್. ತೈಲ ಉತ್ಪಾದನೆ ಒಂದು ಶಿಖರ ಮುಟ್ಟಿ ಇಳಿಯುತ್ತದೆ ಅಂದ ಅದೇ ಹಬರ್ಟ್. ಅವರ ವಾದ ತುಂಬಾ ಸರಳ. ಮೇಲಿನ ನೆಲವನ್ನು ಎತ್ತಬೇಕಾದರೆ ಅದರ ತೂಕಕ್ಕಿಂತ ಜಾಸ್ತಿ ಒತ್ತಡ ಬೇಕು. ಆದರೆ ಬಹುಪಾಲು ಬಾವಿಗಳಲ್ಲಿ ಅಳೆದ ಒತ್ತಡ ಆ ತೂಕಕ್ಕಿಂತ ಕಡಿಮೆಯೇ ಇತ್ತು. ಹಾಗಾದರೆ ಬಿರುಕು ಬೇರೆ ಯಾವುದೋ ದಿಕ್ಕಿಗೆ ಸುಲಭದ ದಾರಿ ಹುಡುಕಿಕೊಂಡಿರಬೇಕು. ಕಲ್ಲನ್ನು ಮೂರು ದಿಕ್ಕಿಂದ ಮೂರು ಬೇರೆ ಬೇರೆ ಬಲಗಳು ಅಮುಕುತ್ತಿರುತ್ತವೆ. ಅದರಲ್ಲಿ ಯಾವುದು ಕಮ್ಮಿಯೋ ಅದನ್ನು ತಳ್ಳಿ ಬಿರುಕು ತೆರೆಯುತ್ತದೆ. ಆಳದಲ್ಲಿ ಸಾಮಾನ್ಯವಾಗಿ ಕಮ್ಮಿ ಇರೋದು ಪಕ್ಕದ ಒತ್ತು. ಆದ್ದರಿಂದ ಬಿರುಕು ನಿಂತಿರುತ್ತದೆ.

1957ರಲ್ಲಿ ಪ್ರಕಟವಾದ ಅವರ ಪೇಪರ್‌ನಲ್ಲಿ ನನಗೆ ಈಗಲೂ ಖುಷಿ ಕೊಡೋದು ಗಣಿತಕ್ಕಿಂತ ಪ್ರಯೋಗ. ಮೆತ್ತಗಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಜೆಲಾಟಿನ್ ಹೆಪ್ಪುಗಟ್ಟಿಸಿದರು. ಅದರೊಳಗೆ ಒಂದು ಸಣ್ಣ ನಳಿಕೆ. ಬಾಟಲಿಯನ್ನು ಹೊರಗಿಂದ ಬೇಕಾದ ದಿಕ್ಕಿಗೆ ಅಮುಕಿ, ನಳಿಕೆಯಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿದ ನೀರು ಬಿಟ್ಟರು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಜೆಲಾಟಿನ್ ತೆಗೆದರೆ ಬಿರುಕಿನ ಅಚ್ಚು ಕೈಯಲ್ಲೇ ಬಂತು. ಒಂದು ರೀತಿ ಅಮುಕಿದರೆ ನಿಂತ ಬಿರುಕು, ಇನ್ನೊಂದು ರೀತಿ ಅಮುಕಿದರೆ ಮಲಗಿದ ಬಿರುಕು. ಇಷ್ಟೇ. ಇವತ್ತಿಗೂ ಅಡ್ಡ ಬಾವಿಯನ್ನು ಯಾವ ದಿಕ್ಕಿಗೆ ಕೊರೆಯಬೇಕು ಅಂತ ತೀರ್ಮಾನ ಮಾಡುವಾಗ ಇದೇ ತರ್ಕ ಬಳಸ್ತೇವೆ. ಕಮ್ಮಿ ಒತ್ತಿನ ದಿಕ್ಕಿಗೆ ಬಾವಿ ಕೊರೆದರೆ ಬಿರುಕುಗಳು ಬಾವಿಗೆ ಅಡ್ಡಡ್ಡ ಎದ್ದು ಕಲ್ಲನ್ನು ಹೋಳು ಹೋಳಾಗಿ ಸೀಳುತ್ತವೆ. ಬೇರೆ ದಿಕ್ಕಿಗೆ ಕೊರೆದರೆ ಬಾವಿಯ ಉದ್ದಕ್ಕೇ ಸೀಳಿಕೊಂಡು ಹೋಗುತ್ತವೆ, ಹಾಕಿದ ದುಡ್ಡೆಲ್ಲ ದಂಡ. ಕೋಟಿಗಟ್ಟಲೆ ಡಾಲರಿನ ತೀರ್ಮಾನದ ಬುಡದಲ್ಲಿ ಒಂದು ಜೆಲಾಟಿನ್ ಬಾಟಲಿ ಇದೆ. ಈ ಪಾಲು ಧೈರ್ಯ ದುಡಿದು ಗಳಿಸಿದ್ದೇ.

ಒಂದು ಗ್ರಾಫ್, ಎರಡು ಬಿರುಕು

ದಿಕ್ಕು ಗೊತ್ತಾಯಿತು. ಉದ್ದ, ಎತ್ತರ, ಅಗಲ? ಇಲ್ಲಿಂದ ತಕರಾರು ಶುರು. ಹಳೆಯ ಎರಡು ಮಾಡೆಲ್‌ಗಳನ್ನು ಈ ಕ್ಷೇತ್ರದ ಪ್ರತಿ ವಿದ್ಯಾರ್ಥಿಯೂ ಬಾಯಿಪಾಠ ಮಾಡಿರುತ್ತಾನೆ. ಒಂದನ್ನು ಪರ್ಕಿನ್ಸ್ ಮತ್ತು ಕರ್ನ್ 1961ರಲ್ಲಿ ಕೊಟ್ಟರು, ನಾರ್ಡ್‌ಗ್ರೆನ್ 1972ರಲ್ಲಿ ಪೂರ್ತಿ ಮಾಡಿದರು. ಇನ್ನೊಂದು ರಷ್ಯಾದ ಕ್ರಿಸ್ಟಿಯಾನೊವಿಚ್ ಮತ್ತು ಝೆಲ್ಟೊವ್ 1955ರಲ್ಲಿ ಶುರು ಮಾಡಿದ್ದು, ಗೀರ್ಟ್ಸ್‌ಮಾ ಮತ್ತು ಡಿ ಕ್ಲರ್ಕ್ 1969ರಲ್ಲಿ ಬೆಳೆಸಿದ್ದು. ಎರಡೂ ಮಾಡೆಲ್ ಬಿರುಕಿನ ಎತ್ತರ ಬದಲಾಗಲ್ಲ ಅಂತ ಹಿಡಿಯುತ್ತವೆ. ಎರಡರಲ್ಲೂ ಭೌತಶಾಸ್ತ್ರ ಸರಿಯಾಗೇ ಇದೆ. ಕಲ್ಲು ಯಾವ ದಿಕ್ಕಿನಲ್ಲಿ ಬಿಗಿಯಾಗಿ ಹಿಡಿದಿದೆ ಅನ್ನೋ ಒಂದು ಊಹೆ ಮಾತ್ರ ಬೇರೆ. ಆ ಒಂದು ವ್ಯತ್ಯಾಸಕ್ಕೆ, ಬಿರುಕು ಬೆಳೀತಾ ಹೋದ ಹಾಗೆ ಒಂದು ಮಾಡೆಲ್ ಒತ್ತಡ ಏರುತ್ತದೆ ಅನ್ನುತ್ತದೆ, ಇನ್ನೊಂದು ಇಳಿಯುತ್ತದೆ ಅನ್ನುತ್ತದೆ! ಉದ್ದ ಬಿರುಕಿಗೆ ಮೊದಲನೆಯದು, ಎತ್ತರಕ್ಕಿಂತ ಉದ್ದ ಕಮ್ಮಿ ಇದ್ದರೆ ಎರಡನೆಯದು ಅಂತ ಪಾಠದಲ್ಲಿ ಹೇಳ್ತಾರೆ. ಆದರೆ ಉದ್ದ ಎಷ್ಟು ಅಂತ ಗೊತ್ತಿಲ್ಲದೇ ಇರೋದಕ್ಕೇ ತಾನೆ ಮಾಡೆಲ್ ಬೇಕಾಗಿದ್ದು?

ಒಂದು ಮೀಟಿಂಗ್ ಚೆನ್ನಾಗಿ ನೆನಪಿದೆ. ಒಂದೇ ಬಾವಿಯ ಪಂಪಿಂಗ್ ಡೇಟಾವನ್ನು ಇಬ್ಬರು ಎಂಜಿನಿಯರುಗಳು ಬೇರೆ ಬೇರೆ ಕೂತು ವಿಶ್ಲೇಷಣೆ ಮಾಡಿಕೊಂಡು ಬಂದಿದ್ದರು. ಅಳೆದ ಒತ್ತಡ ಕಪ್ಪು ಚುಕ್ಕಿಗಳಲ್ಲಿ, ಮಾಡೆಲ್ ಕೆಂಪು ಗೆರೆಯಲ್ಲಿ. ಇಬ್ಬರ ಕೆಂಪು ಗೆರೆಯೂ ಚುಕ್ಕಿಗಳ ಮೇಲೆ ಅಂಟಿಸಿದ ಹಾಗೆ ಕೂತಿತ್ತು. ಒಬ್ಬರ ಪ್ರಕಾರ ಬಿರುಕು ಉದ್ದ, ಕುಳ್ಳು. ಇನ್ನೊಬ್ಬರ ಪ್ರಕಾರ ಎತ್ತರ, ಮೊಟಕು. ಮೇಲಿನ ಪದರದ ಸ್ಟ್ರೆಸ್ಸನ್ನು, ಅಂದರೆ ಕಲ್ಲನ್ನು ಅಮುಕುವ ಒತ್ತನ್ನು, ಒಬ್ಬರು ಸ್ವಲ್ಪ ಏರಿಸಿದ್ದರು. ಇನ್ನೊಬ್ಬರು ಅದನ್ನು ಮುಟ್ಟದೆ, ಬಿರುಕಿನ ಗೋಡೆಯೊಳಗೆ ಸೋರಿ ಹೋಗುವ ನೀರಿನ ಪ್ರಮಾಣ ಹೆಚ್ಚಿಸಿದ್ದರು. ಎರಡೂ ಅಂಕಿ ಒಪ್ಪಬಹುದಾದ ಮಿತಿಯೊಳಗೇ ಇದ್ದವು. ಇದು ಅಸಾಧ್ಯ ಅನ್ನೋ ಹಾಗಿರಲಿಲ್ಲ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು, ಫೀಲ್ಡ್‌ನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು, ಕೇಳಿದರು: 'ಸರಿ, ಇಬ್ಬರದ್ದೂ ಮ್ಯಾಚ್ ಆಗಿದೆ. ನಾಳೆ ಪಕ್ಕದಲ್ಲಿ ಇನ್ನೊಂದು ಬಾವಿ ಕೊರೀಬೇಕು. ಎಷ್ಟು ದೂರ ಕೊರೀಲಿ?' ಒಬ್ಬರು ಹೇಳಿದ ದೂರ ಇನ್ನೊಬ್ಬರದ್ದಕ್ಕಿಂತ ದುಪ್ಪಟ್ಟು. ಕೋಣೆ ಪೂರ್ತಿ ನಗು. ಆಮೇಲೆ ಎರಡರ ನಡುವಿನ ಒಂದು ಅಂಕಿ ಆರಿಸಿ ಎಲ್ಲರೂ ಟೀ ಕುಡಿಯೋಕೆ ಎದ್ದರು.

ಆ ನಗುವನ್ನು ನಾನು ತಪ್ಪು ಅನ್ನಲ್ಲ. ಕೆಲಸ ನಡೀಬೇಕು, ರಿಗ್‌ನ ದಿನದ ಬಾಡಿಗೆ ಯಾರಿಗೂ ಕಾಯಲ್ಲ. ನನಗೆ ಕಷ್ಟ ಆಗೋದು ಅದಾದ ಮೇಲಿನ ಹಂತ. ಆ ನಡುವಿನ ಅಂಕಿ ರಿಪೋರ್ಟಿಗೆ ಹೋಗುತ್ತದೆ. ರಿಪೋರ್ಟಿನಿಂದ ಡೇಟಾಬೇಸಿಗೆ. ಡೇಟಾಬೇಸಿನಿಂದ ಐದು ವರ್ಷ ಬಿಟ್ಟು ಯಾರದೋ ಮಷೀನ್ ಲರ್ನಿಂಗ್ ಪೇಪರಿಗೆ. ಅಲ್ಲಿ ಅದರ ಹೆಸರು 'ಬಿರುಕಿನ ಅರ್ಧ ಉದ್ದ (ಬಾವಿಯಿಂದ ಒಂದು ತುದಿಯ ತನಕ), ಅಳತೆ' ಅಂತ ಆಗಿರುತ್ತದೆ. ಅಳೆದವರು ಯಾರೂ ಇಲ್ಲ.

ಕಲ್ಲು ಕತ್ತರಿಸಿ ನೋಡಿದಾಗ

ಓದುವ ಕಾಲದಲ್ಲಿ ನಮ್ಮ ಲ್ಯಾಬಿನಲ್ಲಿ ಒಂದು ದೊಡ್ಡ ಉಕ್ಕಿನ ಚೌಕಟ್ಟು ಇತ್ತು. ಒಂದಡಿ ಅಗಲದ ಚೌಕ ಕಲ್ಲನ್ನು ಅದರೊಳಗೆ ಕೂರಿಸಿ, ಮೂರೂ ದಿಕ್ಕಿಂದ ಬೇರೆ ಬೇರೆ ಬಲದಲ್ಲಿ ಅಮುಕಬಹುದಿತ್ತು. ಕಲ್ಲಿನ ನಡುವೆ ಸಣ್ಣ ತೂತು, ಅದೇ ನಮ್ಮ ಬಾವಿ. ಕಲ್ಲಿನ ಮೈ ತುಂಬ ಸದ್ದು ಕೇಳಿಸಿಕೊಳ್ಳುವ ಸೆನ್ಸರ್‌ಗಳು. ನೀರನ್ನು ಬಿಡುವ ಹಾಗಿರಲಿಲ್ಲ. ಅಷ್ಟು ಚಿಕ್ಕ ಕಲ್ಲಿನಲ್ಲಿ ನೀರು ಬಿಟ್ಟರೆ ಬಿರುಕು ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚು ಮುಟ್ಟಿ ಮುಗಿದು ಹೋಗುತ್ತದೆ. ಕಿಲೋಮೀಟರ್ ಆಳದಲ್ಲಿ ಗಂಟೆಗಟ್ಟಲೆ ನಡೆಯುವ ಕೆಲಸವನ್ನು ಒಂದಡಿ ಕಲ್ಲಿನಲ್ಲಿ ನಕಲು ಮಾಡಬೇಕಾದರೆ ತುಂಬಾ ಮಂದ ಎಣ್ಣೆ ಬೇಕು, ತುಂಬಾ ನಿಧಾನ ಪಂಪ್ ಮಾಡಬೇಕು. ಈ ಅಳತೆ ಇಳಿಸುವ ಲೆಕ್ಕವನ್ನು 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ನಾವು ಎಣ್ಣೆಗೆ ಬಣ್ಣ ಬೆರೆಸಿದ್ದೆವು, ನೇರಳಾತೀತ ದೀಪ ಹಿಡಿದರೆ ಹಸಿರಾಗಿ ಹೊಳೆಯುವ ಬಣ್ಣ.

ಪಂಪ್ ಶುರುವಾದ ಮೇಲೆ ಬಹಳ ಹೊತ್ತು ಏನೂ ಆಗಲ್ಲ. ಪರದೆ ಮೇಲೆ ಒತ್ತಡದ ಗೆರೆ ನೇರ ಏರುತ್ತಾ ಹೋಗುತ್ತದೆ. ಲ್ಯಾಬಿನಲ್ಲಿ ಯಾರೂ ಮಾತಾಡಲ್ಲ. ಆಮೇಲೆ ಗೆರೆ ಬಾಗಿ, ತಟಕ್ಕನೆ ಇಳಿಯುತ್ತದೆ. ಅದೇ ಹೊತ್ತಿಗೆ ಇನ್ನೊಂದು ಪರದೆ ಮೇಲೆ ಚುಕ್ಕಿಗಳು ಹುಟ್ಟಿಕೊಳ್ಳುತ್ತವೆ. ಒಂದೊಂದು ಚುಕ್ಕಿಯೂ ಕಲ್ಲಿನೊಳಗಿನ ಒಂದೊಂದು ಚಿಟಿಕೆ ಸದ್ದು. ಅವತ್ತು ಚುಕ್ಕಿಗಳು ತೂತಿನ ಎಡಕ್ಕೂ ಬಲಕ್ಕೂ ಹರಡಿ ಮುದ್ದಾದ ಮೋಡ ಮಾಡಿದ್ದವು. ಬಲಗಡೆ ಸ್ವಲ್ಪ ದಟ್ಟ. ಎರಡು ರೆಕ್ಕೆಯ ಬಿರುಕು ಅಂತ ನಾವೆಲ್ಲ ಖುಷಿಯಾಗಿದ್ದೆವು. ನಮ್ಮ ಗೈಡ್ ಮಾತ್ರ, 'ಕಲ್ಲು ಕತ್ತರಿಸೋ ತನಕ ಒಂದು ಸಾಲೂ ಬರೀಬೇಡಿ' ಅಂದರು.

ಮರುದಿನ ಗರಗಸದಲ್ಲಿ ಕಲ್ಲನ್ನು ಹಲಗೆ ಹಲಗೆಯಾಗಿ ಸೀಳಿ, ದೀಪ ಆರಿಸಿ, ನೇರಳಾತೀತ ಬೆಳಕು ಹಿಡಿದೆವು. ಎಡಗಡೆ ಹಸಿರು ಗೆರೆ ಕೂದಲಿನಷ್ಟು ಸಣ್ಣಗೆ, ನೆಟ್ಟಗೆ ಹೋಗಿತ್ತು. ಬಲಗಡೆ ಹೆಬ್ಬೆರಳಗಲ ಹೋಗಿ ಒಂದು ಬಿಳಿ ಕ್ಯಾಲ್ಸೈಟ್ ಎಳೆಗೆ, ಅಂದರೆ ಖನಿಜ ತುಂಬಿಕೊಂಡ ಹಳೇ ಸೀಳಿಗೆ, ತಾಗಿತ್ತು. ಅಲ್ಲಿಂದ ದಾಟದೆ, ಆ ಎಳೆಯ ಉದ್ದಕ್ಕೇ ಜಾರಿ, ಕೆಳಗೆ ಇನ್ನೊಂದು ಕಡೆ ಮತ್ತೆ ತಲೆ ಎತ್ತಿ, ಎರಡು ಎಳೆಯಾಗಿ ಸೀಳಿ ಸತ್ತಿತ್ತು. ಚುಕ್ಕಿಗಳು ಬಲಗಡೆ ದಟ್ಟವಾಗಿದ್ದವಲ್ಲ, ಆ ಜಾಗದಲ್ಲಿ ಬಹುಪಾಲು ಕಡೆ ಎಣ್ಣೆಯ ಸುಳಿವೇ ಇರಲಿಲ್ಲ. ಕಾರಣ ಆಮೇಲೆ ಓದಿದಾಗ ಸ್ಪಷ್ಟವಾಯಿತು. ಸೆನ್ಸರ್‌ಗೆ ಜೋರಾಗಿ ಕೇಳುವುದು ಕಲ್ಲಿನ ಎರಡು ಮುಖಗಳು ಒಂದರ ಮೇಲೊಂದು ಉಜ್ಜಿಕೊಂಡು ಜಾರುವ ಸದ್ದು. ಬಿರುಕು ಬಾಯಿ ಬಿಡುವಾಗ ಅಷ್ಟು ಸದ್ದು ಮಾಡಲ್ಲ. ಗದ್ದಲ ಮಾಡಿದ ಜಾಗ ಒಂದು, ಎಣ್ಣೆ ಹೋದ ಜಾಗ ಇನ್ನೊಂದು. ಫೀಲ್ಡ್‌ನಲ್ಲಿ ಮೈಕ್ರೋಸೈಸ್ಮಿಕ್ (ನೆಲದೊಳಗಿನ ಪುಟಾಣಿ ಕಂಪನಗಳ) ಚುಕ್ಕಿಗಳ ಮೋಡ ನೋಡಿ ಅಷ್ಟೂ ಜಾಗದಿಂದ ಗ್ಯಾಸ್ ಬರುತ್ತೆ ಅಂತ ಲೆಕ್ಕ ಹಾಕುವಾಗ ಈ ಹಸಿರು ಗೆರೆ ನನಗೆ ಅಡ್ಡ ಬರುತ್ತದೆ.

ಅಗೆದು ನೋಡಿದವರು

ಲ್ಯಾಬಿನ ಕಲ್ಲನ್ನು ಕತ್ತರಿಸಬಹುದು. ನೆಲವನ್ನು? ಅದನ್ನೂ ಕೆಲವರು ಮಾಡಿದ್ದಾರೆ. 1970–80ರ ದಶಕದಲ್ಲಿ ಅಮೆರಿಕ ಸರ್ಕಾರದ ಸ್ಯಾಂಡಿಯಾ ಲ್ಯಾಬಿನವರು ನೆವಾಡಾದಲ್ಲಿ, ಅಣುಬಾಂಬ್ ಪರೀಕ್ಷೆಗೆ ಅಂತ ತೋಡಿದ ಸುರಂಗಗಳ ಪಕ್ಕದ ಕಲ್ಲಿನಲ್ಲಿ ಬಣ್ಣದ ದ್ರವ ಪಂಪ್ ಮಾಡಿ, ಆಮೇಲೆ ಅಗೆದು ನೋಡಿದರು. ಬಿರುಕು ಎಲ್ಲಿ ನಿಲ್ಲುತ್ತದೆ ಅನ್ನೋದಕ್ಕೆ ಪಕ್ಕದ ಪದರ ಎಷ್ಟು ಗಡಸು ಅನ್ನೋದಕ್ಕಿಂತ ಅದರಲ್ಲಿರುವ ಸ್ಟ್ರೆಸ್ ಎಷ್ಟು ಅನ್ನೋದೇ ಮುಖ್ಯ ಅಂತ ಕಂಡುಬಂದದ್ದು ಅಲ್ಲಿ. ಪುಸ್ತಕದಲ್ಲಿ ಒಂದೇ ಗೆರೆ ಇದ್ದ ಕಡೆ ನೆಲದಲ್ಲಿ ಹಲವು ಎಳೆಗಳಿದ್ದವು. ಹಳೇ ಸೀಳುಗಳಿಗೆ ತಾಗಿದ ಕಡೆಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಪಕ್ಕಕ್ಕೆ ಸರಿದಿದ್ದವು. ಅದು ಕಮ್ಮಿ ಆಳದ ಜ್ವಾಲಾಮುಖಿ ಬೂದಿಯ ಕಲ್ಲು, ಆಳದಲ್ಲಿ ಹೀಗಿರಲ್ಲ ಬಿಡಿ ಅಂತ ಹಲವರು ತಳ್ಳಿಹಾಕಿದರು. ಆಮೇಲೆ ಕೊಲರಾಡೋದಲ್ಲಿ, ರೈಫಲ್ ಹತ್ತಿರದ ಆಳದ ಮರಳುಗಲ್ಲಿನಲ್ಲಿ ಬಿರುಕು ಮಾಡಿ, ಅದನ್ನು ದಾಟುವ ಹಾಗೆ ಓರೆಯಾಗಿ ಇನ್ನೊಂದು ಬಾವಿ ಕೊರೆದು ಕೋರ್, ಅಂದರೆ ಕಂಬದಂಥ ಕಲ್ಲಿನ ತುಂಡು, ತೆಗೆದರು. ಕೆಲವೇ ಅಡಿ ಕೋರ್‌ನಲ್ಲಿ ಹತ್ತಾರು ಎಳೆ.

ಶೇಲ್‌ನಲ್ಲಿ ಇದನ್ನು ಮಾಡಲು ಇನ್ನೂ ಎರಡು ದಶಕ ಬೇಕಾಯಿತು. ಶೇಲ್ ಅಂದರೆ ಕೆಸರು ಗಟ್ಟಿಯಾಗಿ ಆದ, ತುಂಬಾ ಬಿಗಿಯಾದ ಕಲ್ಲು. ಟೆಕ್ಸಸ್‌ನ ಮಿಡ್‌ಲ್ಯಾಂಡ್ ಬೇಸಿನ್‌ನಲ್ಲಿ ಅಮೆರಿಕದ ಇಂಧನ ಇಲಾಖೆ ಮತ್ತು ಕಂಪನಿಗಳು ಸೇರಿ, ಫ್ರಾಕ್ಚರಿಂಗ್ ಮುಗಿದ ಕಲ್ಲಿನ ಮೂಲಕವೇ ಓರೆ ಬಾವಿ ಕೊರೆದು ಸುಮಾರು 180 ಮೀಟರ್ ಕೋರ್ ತೆಗೆದರು. ಅದರಲ್ಲಿ ಎಣಿಸಿದ ಮಾನವ ನಿರ್ಮಿತ ಬಿರುಕುಗಳು 700ಕ್ಕೂ ಹೆಚ್ಚು. ಬಾವಿಯ ಕೊಳವೆಯಲ್ಲಿ ತೂತು ಮಾಡಿದ್ದ ಜಾಗಗಳನ್ನು ಲೆಕ್ಕ ಹಾಕಿದರೆ ಇಷ್ಟು ಬಿರುಕು ಬರೋ ಹಾಗೇ ಇರಲಿಲ್ಲ. ಟೆಕ್ಸಸ್‌ನ ಇನ್ನೊಂದು ಕಡೆ, ಈಗಲ್ ಫೋರ್ಡ್‌ನಲ್ಲಿ, ಕೊನೊಕೊಫಿಲಿಪ್ಸ್‌ನವರು ತೆಗೆದ ಕೋರ್ ಕೂಡ ಇದನ್ನೇ ಹೇಳಿತು. ಬಿರುಕುಗಳು ಒಂದೊಂದಾಗಿ ಸಮ ಅಂತರದಲ್ಲಿ ನಿಂತಿರಲಿಲ್ಲ. ಗುಂಪು ಗುಂಪಾಗಿ ಒತ್ತಿಕೊಂಡಿದ್ದವು, ನಡುನಡುವೆ ಖಾಲಿ ಜಾಗ. ದಿಕ್ಕು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಒಂದೇ, ಹಬರ್ಟ್ ಹೇಳಿದ ಹಾಗೆ. ಬಾಟಲಿ ಗೆದ್ದಿತು, ಬಣ್ಣದ ಚಿತ್ರ ಸೋತಿತು ಅಂತ ನಾನು ಸ್ನೇಹಿತರ ಹತ್ತಿರ ಚೇಷ್ಟೆ ಮಾಡ್ತಿರ್ತೀನಿ.

ಇದೇ ಕಾಣದಿರುವಿಕೆಯ ಇನ್ನೊಂದು ಮುಖ ಭೂಕಂಪದ್ದು. ಇಂಗ್ಲೆಂಡಿನ ಪ್ರೆಸ್ಟನ್ ನ್ಯೂ ರೋಡ್‌ನಲ್ಲಿ 2019ರ ಆಗಸ್ಟ್‌ನಲ್ಲಿ ಫ್ರಾಕ್ಚರಿಂಗ್ ನಂತರ 2.9 ತೀವ್ರತೆಯ ಕಂಪನವಾಯಿತು, ನವೆಂಬರ್‌ನಲ್ಲಿ ಸರ್ಕಾರ ಕೆಲಸವನ್ನೇ ನಿಲ್ಲಿಸಿತು. ಜಾರಿದ ಆ ಸ್ತರಭಂಗ, ಅಂದರೆ ನೆಲದೊಳಗಿನ ಹಳೇ ದೊಡ್ಡ ಸೀಳು, ಮುಂಚೆ ಮಾಡಿದ್ದ ಸೈಸ್ಮಿಕ್ ಸರ್ವೆಯಲ್ಲಿ ಗುರುತಿಗೆ ಬಂದಿರಲಿಲ್ಲ. ಒಕ್ಲಹೋಮಾದ ಕಥೆ ಬೇರೆ. ಅಲ್ಲಿ 2016ರಲ್ಲಿ ಪಾನಿ ಹತ್ತಿರ ಆದ 5.8ರ ಕಂಪನವನ್ನು ಜನ ಫ್ರಾಕಿಂಗ್ ಲೆಕ್ಕಕ್ಕೆ ಬರೀತಾರೆ. ನಿಜವಾದ ಕಾರಣ, ತೈಲದ ಜತೆ ಬಂದ ಉಪ್ಪುನೀರನ್ನು ವರ್ಷಗಟ್ಟಲೆ ಆಳದ ಪದರಕ್ಕೆ ತುಂಬಿದ್ದು.

ಗ್ಯಾಸ್‌ನ ಆಮೆ ನಡಿಗೆ

ಬಿರುಕಿನ ಕಥೆ ಇಷ್ಟು ಗೋಜಲು. ಆದರೆ ಕಲ್ಲಿನೊಳಗಿನ ಗ್ಯಾಸ್ ಬಿರುಕಿನ ತನಕ ಹೇಗೆ ಬರುತ್ತದೆ ಅನ್ನೋ ಕಥೆ ಆಶ್ಚರ್ಯ ಆಗುವಷ್ಟು ಶಿಸ್ತಿನದು. ಶೇಲ್ ಎಷ್ಟು ಬಿಗಿ ಅಂತ ತೋರಿಸೋಕೆ ನಾನು ಯಾವಾಗಲೂ ಒಂದು ಸಣ್ಣ ಲೆಕ್ಕ ಮಾಡಿ ತೋರಿಸ್ತೀನಿ. ಕಲ್ಲಿನ ಮೂಲಕ ದ್ರವ, ಗ್ಯಾಸ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದಕ್ಕೆ ಪರ್ಮಿಯಬಿಲಿಟಿ ಅಂತಾರೆ, ಅಳೆಯೋದು ಡಾರ್ಸಿಯಲ್ಲಿ. ಒಳ್ಳೇ ಮರಳುಗಲ್ಲಿನದ್ದು ನೂರು ಮಿಲಿಡಾರ್ಸಿ ಇದ್ದರೆ ಶೇಲ್‌ನದ್ದು ನೂರು ನ್ಯಾನೋಡಾರ್ಸಿ, ಅಂದರೆ ಹತ್ತು ಲಕ್ಷ ಪಟ್ಟು ಕಮ್ಮಿ. 100 ನ್ಯಾನೋಡಾರ್ಸಿ ಕಲ್ಲು, ನೂರಕ್ಕೆ ಐದು ಪಾಲು ರಂಧ್ರ, ಆಳದ ಒತ್ತಡದಲ್ಲಿರುವ ಗ್ಯಾಸ್. ಇಷ್ಟನ್ನು ಇಟ್ಟುಕೊಂಡು, ಬಿರುಕಿನಲ್ಲಿ ಒತ್ತಡ ಇಳಿಸಿದ ಸುದ್ದಿ ಕಲ್ಲಿನೊಳಗೆ ಒಂದು ವರ್ಷದಲ್ಲಿ ಎಷ್ಟು ದೂರ ಮುಟ್ಟುತ್ತದೆ ಅಂತ ನೋಡಿದರೆ ಸುಮಾರು 9 ಮೀಟರ್ ಬರುತ್ತದೆ. ಕಲ್ಲು ಹತ್ತು ನ್ಯಾನೋಡಾರ್ಸಿ ಆದರೆ 3 ಮೀಟರ್ ಕೂಡ ಇಲ್ಲ. ನಾಲ್ಕು ವರ್ಷ ಕಾದರೆ ದೂರ ಎರಡರಷ್ಟು ಮಾತ್ರ. ಕಾಲದ ವರ್ಗಮೂಲದ ಹಾಗೆ ನಡೆಯುತ್ತದೆ. ಬಿರುಕಿನಿಂದ ಹದಿನೈದು ಮೀಟರ್ ಆಚೆ ಇರುವ ಗ್ಯಾಸಿಗೆ ಬಾವಿ ಶುರುವಾದ ಸುದ್ದಿ ತಲುಪೋದೇ ಎಷ್ಟೋ ತಡವಾಗಿ.

ಈ ವರ್ಗಮೂಲ ಉತ್ಪಾದನೆಯ ಗ್ರಾಫಿನಲ್ಲಿ ನೇರವಾಗಿ ಕಾಣುತ್ತದೆ. ಮೊದಲ ತಿಂಗಳುಗಳಲ್ಲಿ ಬುಸುಬುಸು ಅಂತ ಗ್ಯಾಸ್, ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಕುಸಿತ. 2013ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಪಟ್ಜೆಕ್, ಮೇಲ್ ಮತ್ತು ಮಾರ್ಡರ್ ಅವರು ಟೆಕ್ಸಸ್‌ನಲ್ಲೇ ಇರುವ ಬಾರ್ನೆಟ್ ಶೇಲ್‌ನ ಎಂಟು ಸಾವಿರಕ್ಕೂ ಹೆಚ್ಚು ಬಾವಿಗಳ ಉತ್ಪಾದನೆಯನ್ನು ಒಂದೇ ವಕ್ರರೇಖೆಗೆ ಹೊಂದಿಸಿ ತೋರಿಸಿದರು. ಮೊದಲು ವರ್ಗಮೂಲದ ಹಾಗೆ. ಪಕ್ಕಪಕ್ಕದ ಬಿರುಕುಗಳು ಒಂದೇ ಕಲ್ಲಿನ ಗ್ಯಾಸಿಗೆ ಕೈ ಹಾಕೋಕೆ ಶುರು ಮಾಡಿದ ಮೇಲೆ ಇನ್ನೂ ವೇಗದ ಇಳಿತ. ಬಿರುಕುಗಳ ನಿಜವಾದ ಆಕಾರ ಗೊತ್ತಿಲ್ಲದೇ ಇದು ಹೇಗೆ ಸಾಧ್ಯ ಅಂದರೆ, ಅವರು ಆಕಾರ ಕೇಳಲೇ ಇಲ್ಲ. ಒಂದು ಸರಾಸರಿ ಅಂತರ, ಒಂದು ಒಟ್ಟು ಪ್ರಮಾಣ, ಎರಡೇ ಅಂಕಿ. ನನಗೆ ಈ ಪೇಪರ್ ಇಷ್ಟ ಆಗೋದೇ ಅದಕ್ಕೆ. ಉತ್ತರಕ್ಕೆ ಬೇಕಿಲ್ಲದ್ದನ್ನು ಅದು ಊಹಿಸಲ್ಲ. ನ್ಯಾನೋಮೀಟರ್ ರಂಧ್ರದಲ್ಲಿ ಗ್ಯಾಸಿನ ಕಣಗಳು ಗೋಡೆಗೆ ಎಷ್ಟು ಸಲ ಡಿಕ್ಕಿ ಹೊಡೀತವೆ ಅಂತ ಕ್ಲಿಂಕೆನ್‌ಬರ್ಗ್ 1941ರಲ್ಲೇ ತೋರಿಸಿದ ಜಾರುವಿಕೆಯನ್ನು (ಗ್ಯಾಸ್ ರಂಧ್ರದ ಗೋಡೆಗೆ ಅಂಟದೆ ಜಾರಿ ಹರಿಯೋದನ್ನು) ಹಿಡಿದು ಪುಟಗಟ್ಟಲೆ ಸಮೀಕರಣ ಬರೆಯುವ ಪೇಪರ್‌ಗಳು ಸಾವಿರ ಇವೆ. ಭೌತಶಾಸ್ತ್ರ ನಿಜವೇ. ಆದರೆ ಬಿರುಕಿನ ವಿಸ್ತೀರ್ಣವೇ ಎರಡು ಪಟ್ಟು ಆಚೀಚೆ ಇರುವಾಗ ಆ ತಿದ್ದುಪಡಿ ಯಾರ ಲೆಕ್ಕಕ್ಕೆ?

ಬಿಗಿ ಕಲ್ಲಿಂದ ಗ್ಯಾಸ್ ತೆಗೆಯೋಕೆ ಒಂದು ಕಾಲದಲ್ಲಿ ಅಣುಬಾಂಬನ್ನೇ ಬಳಸಿದ್ದರು ಅನ್ನೋದನ್ನು ಇಲ್ಲಿ ಹೇಳದೆ ಇರೋಕಾಗಲ್ಲ. 1967ರ ಡಿಸೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದಲ್ಲಿ, ಗ್ಯಾಸ್‌ಬಗ್ಗಿ ಅನ್ನೋ ಮುದ್ದಾದ ಹೆಸರಿನ ಯೋಜನೆ, 29 ಕಿಲೋಟನ್. ಗ್ಯಾಸ್ ಬಂತು. ವಿಕಿರಣ ತುಂಬಿಕೊಂಡು ಬಂತು. ಕೊಳ್ಳುವವರು ಯಾರು?

ಅಗ್ಗದ ನೀರು

ಶೇಲ್ ಗ್ಯಾಸ್‌ನ ಹಣೆಬರಹ ಬದಲಾದದ್ದು ಮಾಡೆಲ್‌ನಿಂದಲ್ಲ. ಜಾರ್ಜ್ ಮಿಚೆಲ್ ಅವರ ಕಂಪನಿ ಬಾರ್ನೆಟ್‌ನಲ್ಲಿ ಮೊದಲ ಬಾವಿ ಕೊರೆದದ್ದು 1981ರಲ್ಲಿ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ದುಡ್ಡು ಸುರಿದರೂ ಲಾಭ ಕಾಣಲಿಲ್ಲ. ಆಗ ಬಳಸುತ್ತಿದ್ದದ್ದು ದಪ್ಪ ಜೆಲ್. ಗೋರಿಕಾಯಿ ಜಾತಿಯ ಬೀಜದ ಗೌರ್ ಗಮ್ ಬೆರೆಸಿ ನೀರನ್ನು ಗಟ್ಟಿ ಮಾಡಿದರೆ ಮರಳು ತಳಕ್ಕೆ ಕೂರದೆ ಬಿರುಕಿನ ಕೊನೆ ತನಕ ಹೋಗುತ್ತದೆ. ಮರಳಿನ ಕೆಲಸ ಬಾಗಿಲಿಗೆ ಅಡ್ಡ ಇಟ್ಟ ಕಲ್ಲಿನದು. ಪಂಪ್ ನಿಂತ ಮೇಲೆ ಬಿರುಕು ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಈ ಬೀಜದ ಬಹುಪಾಲು ಬೆಳೆಯೋದು ರಾಜಸ್ಥಾನದಲ್ಲಿ. ಅಮೆರಿಕದ ಬಾವಿಗಳ ಬೇಡಿಕೆಗೆ 2012ರಲ್ಲಿ ಅದರ ಬೆಲೆ ಎಷ್ಟು ಏರಿತೆಂದರೆ ಭಾರತದಲ್ಲಿ ಅದರ ವಾಯಿದೆ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು.

1990ರ ದಶಕದ ಕೊನೆಗೆ ಖರ್ಚು ಕಮ್ಮಿ ಮಾಡಲೇಬೇಕು ಅಂತಾದಾಗ ಮಿಚೆಲ್ ಕಂಪನಿಯ ಎಂಜಿನಿಯರ್ ನಿಕ್ ಸ್ಟೈನ್ಸ್‌ಬರ್ಗರ್, ಪೂರ್ವ ಟೆಕ್ಸಸ್‌ನಲ್ಲಿ ಯೂನಿಯನ್ ಪೆಸಿಫಿಕ್‌ನವರು ಮರಳುಗಲ್ಲಿಗೆ ಮಾಡುತ್ತಿದ್ದದ್ದನ್ನು ನೋಡಿ, ಜೆಲ್ ಬಿಟ್ಟು ಬರೀ ನೀರು, ಉಜ್ಜುವಿಕೆ ಕಮ್ಮಿ ಮಾಡುವ ಚೂರು ಪಾಲಿಮರ್, ಸ್ವಲ್ಪ ಮರಳು, ಇಷ್ಟರಲ್ಲೇ ಕೆಲಸ ಮಾಡಿ ನೋಡಿದರು. 1998ರಲ್ಲಿ ಎಸ್.ಎಚ್. ಗ್ರಿಫಿನ್ ನಂಬರ್ 4 ಅನ್ನೋ ಬಾವಿ ಅದುವರೆಗಿನ ಜೆಲ್ ಬಾವಿಗಳನ್ನೆಲ್ಲ ಮೀರಿಸಿತು. 2002ರಲ್ಲಿ ಡೆವನ್ ಕಂಪನಿ ಮಿಚೆಲ್ ಎನರ್ಜಿಯನ್ನು ಕೊಂಡು ಇದಕ್ಕೆ ಅಡ್ಡ ಬಾವಿಯನ್ನು ಜೋಡಿಸಿತು. ಉಳಿದದ್ದು ನಿಮಗೆ ಗೊತ್ತು.

ಆಗಿನ ಥಿಯರಿ ಇದನ್ನು ಒಪ್ಪುವ ಹಾಗಿರಲಿಲ್ಲ. ಕರ್ನ್, ಪರ್ಕಿನ್ಸ್ ಮತ್ತು ವಯಾಂಟ್ 1959ರಲ್ಲೇ ಎರಡು ಪಾರದರ್ಶಕ ಹಲಗೆಗಳ ನಡುವೆ ಮರಳು ನೀರು ಹರಿಸಿ, ನೀರಿನಲ್ಲಿ ಮರಳು ಬಾಯಿ ಹತ್ತಿರವೇ ದಿಬ್ಬ ಕಟ್ಟುತ್ತದೆ ಅಂತ ತೋರಿಸಿದ್ದರು. ಅದು ಈಗಲೂ ನಿಜ, ಯಾರು ಬೇಕಾದರೂ ಮಾಡಿ ನೋಡಬಹುದು. ಹಾಗಿದ್ದೂ ನೀರಿನ ಬಾವಿ ಗೆದ್ದದ್ದು ಯಾಕೆ? ಉತ್ತರಗಳು ಆಮೇಲೆ ಬಂದವು, ಬರ್ತಾನೇ ಇವೆ. ತೆಳು ನೀರು ಸಣ್ಣ ಸಣ್ಣ ಹಳೇ ಸೀಳುಗಳಿಗೂ ನುಗ್ಗುತ್ತದೆ. ಸೀಳಿನ ಒರಟು ಮುಖಗಳು ಜಾರಿ ಕೂತರೆ ಮರಳಿಲ್ಲದೆಯೂ ಸಂದಿ ಉಳಿಯುತ್ತದೆ. ಜೆಲ್‌ನ ಹಾಗೆ ಕಸ ಬಿಟ್ಟು ದಾರಿ ಕಟ್ಟಲ್ಲ. 2002ರ ಹೊತ್ತಿಗೆ ಬಾರ್ನೆಟ್‌ನ ಮೈಕ್ರೋಸೈಸ್ಮಿಕ್ ನಕ್ಷೆಗಳಲ್ಲಿ ಅಗಲವಾದ ಜಾಲ ಕಂಡಾಗ ಎಲ್ಲರೂ ಜಾಲ ಜಾಲ ಅಂದರು. ಈಗ ಕೋರ್ ನೋಡಿದ ಮೇಲೆ ಜಾಲಕ್ಕಿಂತ ಸಮಾಂತರ ಗುಂಪು ಅನ್ನೋದೇ ಸರಿ ಕಾಣುತ್ತದೆ, ಕನಿಷ್ಠ ಆ ಕಲ್ಲುಗಳಲ್ಲಿ. ಬಾರ್ನೆಟ್‌ನಲ್ಲಿ ಹಳೇ ಸೀಳುಗಳು ಜಾಸ್ತಿ, ಅಲ್ಲಿ ಜಾಲವೇ ಇದ್ದರೂ ಇರಬಹುದು. ಒಂದು ಕಲ್ಲಿನ ಉತ್ತರವನ್ನು ಇನ್ನೊಂದಕ್ಕೆ ಹಚ್ಚುವ ಚಾಳಿ ನಮ್ಮಲ್ಲಿ ಜಾಸ್ತಿ.

ಇದರಿಂದ ಸಂಶೋಧನೆ ದಂಡ ಅಂತ ಹೇಳುವವರ ಜತೆ ನಾನಿಲ್ಲ. ಅಮೆರಿಕದ ಸರ್ಕಾರ 1976ರಲ್ಲಿ ಶುರು ಮಾಡಿದ ಪೂರ್ವ ಶೇಲ್ ಯೋಜನೆ ಇಲ್ಲದಿದ್ದರೆ ಕೋರ್ ತೆಗೆದು ಗ್ಯಾಸ್ ಅಳೆಯುವ ಎಷ್ಟೋ ವಿಧಾನಗಳು ಇರುತ್ತಿರಲಿಲ್ಲ. ನನ್ನ ತಕರಾರು ಇರೋದು ಯಾವ ಕೆಲಸಕ್ಕೆ ಎಷ್ಟು ಮರ್ಯಾದೆ ಅನ್ನೋದರಲ್ಲಿ. ಹೊಸ ಸಿಮ್ಯುಲೇಟರ್ ಬರೆದರೆ ಪೇಪರ್ ಸುಲಭ. ಕೋರ್ ಎದುರು ಕೂತು ಯಾವುದು ಪಂಪಿನ ಬಿರುಕು, ಯಾವುದು ಹುಟ್ಟಾ ಸೀಳು, ಯಾವುದು ಕೊರೆಯುವಾಗ ಆದ ಒಡಕು ಅಂತ ಭೂತಗನ್ನಡಿ ಹಿಡಿದು ವಿಂಗಡಿಸಿದವರ ಹೆಸರು ಲೇಖಕರ ಪಟ್ಟಿಯ ಕೊನೆಗೆ ಹೋಗುತ್ತದೆ.

ಆ 700 ಬಿರುಕುಗಳ ಕೋರ್‌ನಲ್ಲಿ ಮರಳು ಸಾಲಾಗಿ ತುಂಬಿ ನಿಂತ ಬಿರುಕು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕಿದ್ದು. ಟನ್‌ಗಟ್ಟಲೆ ಮರಳು ಒಳಗೆ ಹೋಗಿತ್ತು. ಅದು ಎಲ್ಲಿ ಕೂತಿದೆ, ಮರಳಿಲ್ಲದ ಬಿರುಕಿನಿಂದ ಗ್ಯಾಸ್ ಬರ್ತಿದೆಯಾ ಇಲ್ಲವಾ? ಪಕ್ಕದ ಬಾವಿಯನ್ನು ಎಷ್ಟು ದೂರ ಕೊರೀಬೇಕು ಅನ್ನೋ ಆ ಹಿರಿಯರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಹಾಗಾಗಿ ನನ್ನದೊಂದು ಸಲಹೆ, ಕಾನ್ಫರೆನ್ಸ್‌ಗಳಲ್ಲಿ ಹೇಳಿ ಹೇಳಿ ಸಾಕಾಗಿದ್ದೀನಿ. ಮುಂದಿನ ಸಲ ಯಾರಾದರೂ ಇಂಥ ಓರೆ ಬಾವಿ ಕೊರೆದಾಗ, ಕೋರ್ ಪೆಟ್ಟಿಗೆ ತೆರೆಯುವ ಮೊದಲು ಪಂಪಿಂಗ್ ಡೇಟಾ ಮಾತ್ರ ಎಲ್ಲರಿಗೂ ಕೊಡಿ. ಮಾಡೆಲ್ ಇರುವವರೆಲ್ಲ ಎಷ್ಟು ಬಿರುಕು, ಎಲ್ಲೆಲ್ಲಿ, ಯಾವುದರಲ್ಲಿ ಮರಳು ಅಂತ ಬರೆದು ಲಕೋಟೆ ಮುಚ್ಚಿ ಕೊಡಲಿ. ಆಮೇಲೆ ಎಲ್ಲರೆದುರು ಪೆಟ್ಟಿಗೆ ತೆರೆಯೋಣ. ನನ್ನ ಸಿಮ್ಯುಲೇಟರ್‌ನ ಹೆಸರನ್ನು ಆ ಪಟ್ಟಿಯಲ್ಲಿ ಮೊದಲು ಬರ್ಕೊಳ್ಳಿ.